ಜೋಡಿ ಸಿಗದ ತಾರೀಖು

ಮಂಜು ಇನ್ನೂ ಕರಗಿರಲಿಲ್ಲ. ತಾಯಿಯೂ ಇನ್ನೂ ಹೋಗಿರಲಿಲ್ಲ.

ಹೊಸ್ತಿಲ ಬಳಿ ನಿಂತ ಮಹಾವೀರ ಈ ಎರಡನ್ನೂ ಒಂದೇ ಉಸಿರಿನಲ್ಲಿ ಗಮನಿಸಿದ. ಗಮನಿಸಿದ ಮೇಲೆ ನಾಚಿಕೆಯಾಯಿತು. ಐಗಳಿ ಊರಿನ ಮೇಲೆ ಅಂಥ ಮಂಜು ಆ ವರ್ಷ ಬಿದ್ದಿರಲಿಲ್ಲ. ಎದುರಿನ ಬೇವಿನ ಮರ ಇರಲಿಲ್ಲ. ಅದರಾಚೆಯ ಕಬ್ಬು ಇರಲಿಲ್ಲ. ಕಟ್ಟೆಯ ಮೇಲೆ ಮಲಗಿದ್ದ ನಾಯಿಗೆ ಹಿಂದಿನ ಅರ್ಧ ಇರಲಿಲ್ಲ. ಪಕ್ಕದ ದ್ರಾಕ್ಷಿ ತೋಟದಲ್ಲಿ ಭರಮು ಔಷಧ ಹೊಡೆಯುತ್ತಿದ್ದ ಟ್ರ್ಯಾಕ್ಟರಿನ ಗುರುಗುರು ಮಾತ್ರ, ನೆಲದೊಳಗೆ ಯಾರೋ ಗೊರಕೆ ಹೊಡೆದಂತೆ, ಕೇಳಿಬರುತ್ತಿತ್ತು.

ಗುರುಗುರು ನಿಂತಿತು. ಮಂಜಿನೊಳಗಿಂದ ಮಾತು ಬಂತು.

“ಸರ, ಆಯಿ ಹೆಂಗದಾರ್ರಿ?”

“ಅದಾಳ.”

“ಪುಣ್ಯಾತ್ಮರು ಬಿಡ್ರಿ. ನಿನ್ನಿ ನಮ್ಮ ಅವ್ವನ ಶ್ಯಾವಿಗಿ ಹೊಸಿಯೂ ಕಟಗಿ ಮಣಿ ತಿರುಗಿ ಕಳಸ್ಯಾರ. ಯಾವ ಕಾಲದ್ದೋ ಏನೋ, ನಮಗ ನೆನಪ ಇರ್ಲಿಲ್ಲ. ನಮ್ಮ ಅವ್ವ ಆ ಮಣಿ ತಬ್ಕೊಂಡು ಅತ್ತಾಳ ನೋಡ್ರಿ.”

“ಹೂಂ.”

“ನಮ್ಮ ದ್ರಾಕ್ಷಿದು ಭರೋಸಾ ಇಲ್ರಿ. ಹೂವಿಗೆ ಬಂದಾಗ ಇಂಥಾ ಮಂಜು ಬಿದ್ರ ಮುಗೀತು. ಇವತ್ತೊಂದಿನ ದಾಟಿದ್ರ ಬದಕ್ತಾವ.”

ಟ್ರ್ಯಾಕ್ಟರ್ ಮತ್ತೆ ಶುರುವಾಯಿತು. ಮಹಾವೀರ ಒಳಗೆ ತಿರುಗಿದ. ಇವತ್ತು ದಾಟಬಾರದು ಎಂದೇ ಅವನು ಬೆಳಗಿನ ಜಾವದಿಂದ ತಾಯಿಯ ಪಕ್ಕ ಕೂತಿದ್ದ.

ಒಳಗೆ ನಡುಮನೆಯಲ್ಲಿ, ಚಾಪೆಯ ಮೇಲೆ, ಬಿಳಿ ಸೀರೆಯಲ್ಲಿ ಲಕ್ಷ್ಮಿಬಾಯಿ ಮಲಗಿದ್ದಳು. ಅನ್ನ ಬಿಟ್ಟು ದೇಹ ತ್ಯಜಿಸುವ ಸಲ್ಲೇಖನ ವ್ರತ ಹಿಡಿದು ಹದಿನಾರನೆಯ ದಿನ. ಎಂಬತ್ತು ದಾಟಿ, ಗಂಟಲಲ್ಲಿ ತುತ್ತು ಇಳಿಯುವುದೇ ನಿಂತಾಗ, ಜೈನ ಮುನಿ ಮಹಾರಾಜರ ಮುಂದೆ ಕೈಮುಗಿದು ಆಕೆಯೇ ಬೇಡಿಕೊಂಡ ವ್ರತ. ಮಹಾರಾಜರು ಮಗನ ಮುಖ ನೋಡಿದ್ದರು. ಮಗ ತಲೆಯಾಡಿಸಿದ್ದ. ತಲೆಯಾಡಿಸುತ್ತಲೇ, ಬೆನ್ನ ಹಿಂದೆ ಕೈಕಟ್ಟಿ, ಬೆರಳಿನ ಗೆಣ್ಣಿನ ಮೇಲೆ ದಿನ ಎಣಿಸಿದ್ದ. ಅದು ಯಾರಿಗೂ ಕಂಡಿರಲಿಲ್ಲ.

ಅಂದಿನಿಂದ ಆಕೆ ಬಿಡುತ್ತಾ ಬಂದಳು. ಟ್ರಂಕಿನ ಸೀರೆಗಳು, ಬೆಳ್ಳಿಯ ಲೋಟ, ಕನ್ನಡಕ. ಊರಿನವರು ಒಬ್ಬೊಬ್ಬರಾಗಿ ಬಂದು ಕೂತರು. ಒಬ್ಬೊಬ್ಬರ ಹತ್ತಿರವೂ ಆಕೆ ಕ್ಷಮೆ ಕೇಳಿದಳು. ಜಗಳವಾಡಿದ್ದ ರುಕ್ಮವ್ವನ ಹತ್ತಿರ ಎರಡು ಸಲ ಕೇಳಿದಳು. ಈಗ ಜಪಮಣಿಯೊಂದು, ತಲೆದಿಂಬಿನ ಕೆಳಗೆ ಒಂದು ಸ್ತೋತ್ರದ ಪುಸ್ತಕ, ಇಷ್ಟೇ ಉಳಿದಿತ್ತು. ಇಷ್ಟು ಹಗುರಾದ ಮೇಲೂ ಉಸಿರು ಯಾಕೆ ನಿಂತಿದೆ ಎಂದು ಬಂದವರು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು.

ಮಹಾವೀರನಿಗೆ ಉತ್ತರ ಗೊತ್ತಿತ್ತು. ಹನ್ನೆರಡನೆಯ ತಾರೀಖು ಬರಬೇಕಿತ್ತು. ಇವತ್ತು ಬಂದಿತ್ತು.

ಚಿಕ್ಕಂದಿನಲ್ಲಿ ಅವನೊಂದು ಹಳೆಯ ವಾರಪತ್ರಿಕೆಯಲ್ಲಿ ಓದಿದ್ದ: ಅಮೆರಿಕದ ಆಡಮ್ಸ್ ಮತ್ತು ಜೆಫರ್ಸನ್, ಇಬ್ಬರು ಮಾಜಿ ಅಧ್ಯಕ್ಷರು, ಒಂದೇ ದಿನ ತೀರಿಕೊಂಡರು, ಅದೂ ಆ ದೇಶದ ಸ್ವಾತಂತ್ರ್ಯ ಘೋಷಣೆಗೆ ಐವತ್ತು ವರ್ಷ ತುಂಬಿದ ದಿನ. ಲಿಂಕನ್‌ಗೂ ಕೆನೆಡಿಗೂ ಗುಂಡು ಬಿದ್ದದ್ದು ಶುಕ್ರವಾರ, ಹೆಂಡತಿ ಪಕ್ಕದಲ್ಲಿದ್ದಾಗ. ಇಬ್ಬರ ನಂತರ ಅಧಿಕಾರಕ್ಕೆ ಬಂದವನ ಹೆಸರೂ ಜಾನ್ಸನ್. ಹುಡುಗನ ಮೈ ಜುಮ್ಮೆಂದಿತ್ತು. ಅವನಿಗೂ ಒಂದು ತಾರೀಖಿತ್ತು.

ನವೆಂಬರ್ ಹನ್ನೆರಡು. ಈ ಸೀಮೆಯೇ ನಡೆದುಕೊಳ್ಳುತ್ತಿದ್ದ ದೊಡ್ಡ ಮಹಾರಾಜರು ಸಮಾಧಿ ಹೊಂದಿದ ದಿನ. ಅವರ ಉಸಿರು ನಿಂತ ಗಳಿಗೆಯಲ್ಲೇ ಮಿರಜದ ತವರುಮನೆಯಲ್ಲಿದ್ದ ಲಕ್ಷ್ಮಿಬಾಯಿಗೆ ಗಂಡು ಹುಟ್ಟಿತು. ದೀಕ್ಷೆಗೆ ಮೊದಲು ಮಹಾರಾಜರ ಹೆಸರು ಮಹಾವೀರ. ಅವರ ತಂದೆ ಭುಜಬಲಿ, ತಾಯಿ ಲಕ್ಷ್ಮಿಬಾಯಿ. ಕೂಸಿನ ತಂದೆಯೂ ಭುಜಬಲಿ, ತಾಯಿಯೂ ಲಕ್ಷ್ಮಿಬಾಯಿ. ಇನ್ನೇನು ಬೇಕು? ಕೂಸಿಗೆ ಬೇರೆ ಹೆಸರು ಇಡುವ ಮಾತೇ ಬರಲಿಲ್ಲ. ಮುದುಕರು ಬಂದು ಆ ಕೂಸಿನ ಪಾದ ಮುಟ್ಟಿದ್ದರಂತೆ.

ಪಾದ ಮುಟ್ಟಿಸಿಕೊಂಡ ಕೂಸು ಬೆಳೆದು ಅಥಣಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮಾಸ್ತರನಾಯಿತು. ಹುಡುಗರು ಹಿಂದಿನ ಬೆಂಚಿನಲ್ಲಿ ಮೊಬೈಲು ನೋಡುತ್ತಾರೆ. ಹೆಂಡತಿ ಸ್ನೇಹಲ ಅವನ ಜೊತೆ ಸಿಲಿಂಡರ್ ಮುಗಿದದ್ದರ ಬಗ್ಗೆ ಮಾತಾಡುತ್ತಾಳೆ. ಏನೂ ಆಗಲಿಲ್ಲ. ಏನಾದರೂ ಆಗಬೇಕಿತ್ತಲ್ಲ ಎಂಬುದೊಂದೇ ಅವನಲ್ಲಿ ಆದದ್ದು.

ಇಪ್ಪತ್ತೆರಡು ವರ್ಷದ ಹಿಂದೆ, ಹಾರೂಗೇರಿಯಿಂದ ಬರುವಾಗ, ಕಬ್ಬಿನ ಟ್ರಾಲಿ ಮಗುಚಿ ತಂದೆ ಭುಜಬಲಿ ಸತ್ತ. ನವೆಂಬರ್ ಹನ್ನೆರಡು. ಹೆಣದ ಮುಂದೆ ಎಲ್ಲರೂ ಅಳುವಾಗ ಮಗನೂ ಅತ್ತ. ಆದರೆ ಅಳುವಿನ ಅಡಿಯಲ್ಲಿ ತಣ್ಣಗೆ ಏನೋ ಹರಿಯಿತು. ತಾಳೆಯಾಯಿತು, ಎಂದಿತು ಅದು.

ಆ ವಾರವೇ ದಿನಕ್ಕೊಂದು ಪುಟದ ದಪ್ಪ ಡೈರಿ ತಂದ. ನಿಯಮ ಒಂದೇ: ಒಂದೇ ತಾರೀಖಿಗೆ ತೀರಿಕೊಂಡ ಇಬ್ಬರು ಹೆಸರಾಂತರು ಸಿಗಬೇಕು, ಅವರ ಹೆಸರಿಗೆ ಹೆಸರು ತಾಳೆಯಾಗಬೇಕು, ಆಗಲೇ ಆ ಪುಟಕ್ಕೆ ಶಾಯಿ. ಮೂವತ್ತು ವರ್ಷದ ಅಂತರದಲ್ಲಿ ಒಂದೇ ದಿನ ಸತ್ತ ಇಬ್ಬರು ಪೈಲ್ವಾನರು, ಇಬ್ಬರೂ ಆಬಾಸಾಹೇಬ. ಗೋವಾ ಮೂಲದ ನಿಪ್ಪಾಣಿಯ ತಂಬಾಕಿನ ವ್ಯಾಪಾರಿ, ಅವನದೇ ಹೆಸರಿನ ಪೋರ್ಚುಗಲ್‌ನ ಒಬ್ಬ ರಾಜ. ಹೀಗೆ ವರ್ಷವಿಡೀ ತುಂಬಿತು. ಲೋಕ ಸುಮ್ಮನೆ ಸಾಯುತ್ತಿಲ್ಲ, ಯಾರೋ ಬರೆಯುತ್ತಿದ್ದಾರೆ ಎಂಬುದಕ್ಕೆ ಅವನ ಹತ್ತಿರ ಮುನ್ನೂರ ಅರವತ್ತನಾಲ್ಕು ಪುಟಗಳ ಸಾಕ್ಷಿ ಇತ್ತು. ಒಂದು ಪುಟ ಮಾತ್ರ ಖಾಲಿ.

ಹನ್ನೆರಡರ ಪುಟ ಖಾಲಿ ಇರಲಿಲ್ಲ; ಇವತ್ತು ಲಕ್ಷ್ಮಿಬಾಯಿ ಹೋದರೆ ಅದು ಪೂರ್ಣ. ಹೋಗದಿದ್ದರೆ? ತಂದೆಯ ಸಾವು ಬರೀ ಒಂದು ಟ್ರಾಲಿ. ತನ್ನ ಹುಟ್ಟು ಬರೀ ಒಂದು ಹುಟ್ಟು.

ಡೈರಿ ಕಾಲೇಜಿನ ಕಪಾಟಿನಲ್ಲಿತ್ತು. ಅವನು ಅಂಗಿ ಹಾಕಿಕೊಂಡ.

“ಎಲ್ಲಿಗ್ರಿ?” ಸ್ನೇಹಲ ಬಾಗಿಲಿಗೆ ಬಂದಳು.

“ಅಥಣಿಗಿ. ಒಂದು ಪುಸ್ತಕ ತರೂದೈತಿ.”

“ಇವತ್ತರ ಮನ್ಯಾಗ ಇರ್ರಿ. ಅತ್ತಿ ಬೆಳಿಗ್ಗಿಂದ ನಿಮ್ಮನ್ನ ನೋಡಾಕತ್ತಾರ. ಏನೋ ಹೇಳೂದೈತಿ ಅವರಿಗೆ.”

“ಮಧ್ಯಾಹ್ನದೊಳಗ ಬರ್ತೀನಿ.”

“ಅಷ್ಟರಾಗ ಏನರ ಆದ್ರ?”

ಅವನು ಚಪ್ಪಲಿ ಮೆಟ್ಟಿದ. “ಫೋನ್ ಮಾಡು,” ಎಂದ. “ಟೈಮ್ ನೋಡಿಟ್ಕೋ.”

ಸ್ನೇಹಲ ಅವನನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗಣಿತದ ಜ್ಞಾನದೇವ ಒಬ್ಬನೇ ಕೂತು ಚುರಮುರಿ ತಿನ್ನುತ್ತಿದ್ದ. ಡೈರಿಯ ವಿಷಯ ಗೊತ್ತಿದ್ದವನು ಅವನೊಬ್ಬನೇ.

“ಸೂಟಿ ಮ್ಯಾಲ ಇದ್ದಾವ್ರು ಕಾಲೇಜಿಗಿ ಬಂದ್ರಲ್ಲ! ಆಯಿ?”

“ಇನ್ನೂ ಇಲ್ಲ.”

ಜ್ಞಾನದೇವನ ಕೈ ಚುರಮುರಿಯಲ್ಲೇ ನಿಂತಿತು. “ಇನ್ನೂ ಇಲ್ಲ ಅಂದ್ರ ಏನ್ರಿ ಸರ? ಬಸ್ ಕಾಯಾಕತ್ತೀರೇನು?”

ಮಹಾವೀರ ಕಪಾಟಿನ ಕೀಲಿ ತಿರುಗಿಸಿದ. ಡೈರಿ ಎದೆಗೆ ಬಂತು.

“ತಪ್ಪು ತಿಳೀಬ್ಯಾಡ್ರಿ,” ಜ್ಞಾನದೇವ ದನಿ ಇಳಿಸಿದ. “ಅಥಣಿ ಬಸ್‌ಸ್ಟ್ಯಾಂಡಿನಾಗ ನಿಂತು ‘ಭುಜಬಲಿ’ ಅಂತ ಒಂದ್ ಕೂಗು ಹೊಡೀರಿ. ಹದಿನಾಕು ಮಂದಿ ತಿರುಗಿ ನೋಡ್ತಾರ. ಲಕ್ಷ್ಮಿಬಾಯಿ ಅನ್ರಿ, ಅರ್ಧ ಸಂತಿ ನಿಲ್ತೈತಿ. ವರ್ಷಕ್ಕ ದಿನಾ ಎಷ್ಟು, ಸಾಯೋ ಮಂದಿ ಎಷ್ಟು? ತಾಳೆ ಆಗಲಿಲ್ಲ ಅಂದ್ರನ ಆಶ್ಚರ್ಯ.”

“ಒಂದು ಆಗಿಲ್ಲಲ್ಲ.”

“ಯಾವ್ದು, ಎಂಟನೇ ತಾರೀಖಾ? ನವೆಂಬರ್ ಎಂಟು? ಇನ್ನೂ ಜೋಡಿ ಸಿಗವಲ್ದಾ?” ಜ್ಞಾನದೇವ ನಕ್ಕ. “ಅವತ್ತು ಯಮ ಸೂಟಿ ಹಾಕಿರ್ಬೇಕ್ರಿ ಸರ.”

ಮಹಾವೀರನಿಗೆ ನಗು ಬರಲಿಲ್ಲ. ಆ ಬಿಳಿ ಪುಟಕ್ಕಾಗಿ ಅವನು ಎಂಟು ವರ್ಷ ಹುಡುಕಿದ್ದ. ರಾಜರು, ಸಂತರು, ಸಕ್ಕರೆ ಕಾರ್ಖಾನೆಯ ಅಧ್ಯಕ್ಷರು, ಸರ್ಕಸ್ಸಿನವರು. ಸತ್ತವರು ಇದ್ದರು, ಜೋಡಿ ಇರಲಿಲ್ಲ. ಬಾಯಿಯಲ್ಲಿ ಬಿದ್ದ ಹಲ್ಲಿನ ಜಾಗದಂತೆ ಅದು ನಾಲಿಗೆಗೆ ಸಿಗುತ್ತಲೇ ಇತ್ತು.

“ಮನೀಗಿ ಹೋಗ್ರಿ,” ಎಂದ ಜ್ಞಾನದೇವ. “ತಾಯಿ ಕೈ ಹಿಡ್ಕೊಂಡು ಕೂಡ್ರಿ. ಅದನ್ನ ಇಲ್ಲೇ ಇಟ್ಟು ಹೋಗ್ರಿ.”

ಅವನು ಡೈರಿಯನ್ನು ಚೀಲಕ್ಕೆ ಹಾಕಿಕೊಂಡ.

ತಡವಾಗಿ ಬಂದ ವಾಪಸಿನ ಬಸ್ಸು ಕಬ್ಬಿನ ಟ್ರಾಲಿಗಳ ಹಿಂದೆ ಸಿಕ್ಕಿಬಿತ್ತು. ಕಾರ್ಖಾನೆ ಶುರುವಾದ ಕಾಲ. ಒಂದರ ಹಿಂದೊಂದು, ಸೀಮೆಯೇ ಎದ್ದು ನಡೆದಂತೆ. ಬಿಸಿಲು ಬಂದಿತ್ತು. ಮಂಜು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಕಂಡಕ್ಟರ್ ಮರಾಠಿಯಲ್ಲಿ ಯಾರನ್ನೋ ಬೈಯುತ್ತಿದ್ದ. ಮುಂದಿನ ಸೀಟಿನ ಹೆಂಗಸು ಹೆಗಲ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದಳು. ಕೂಸು ಮಹಾವೀರನನ್ನೇ ನೋಡುತ್ತಿತ್ತು. ಅವನು ಮುಖ ತಿರುಗಿಸಿದ.

ಫೋನ್ ರಿಂಗಾಯಿತು. ಸ್ನೇಹಲ.

ಮೂರು ಗಂಟೆ ಹನ್ನೊಂದು ನಿಮಿಷ. ಮೊದಲು ಗಡಿಯಾರ ನೋಡಿದ, ಆಮೇಲೆ ಫೋನ್ ಎತ್ತಿದ. ಎದೆ ಹೊಡೆದುಕೊಳ್ಳುತ್ತಿತ್ತು. ಆ ಹೊಡೆತ ಯಾವುದೆಂದು ಅವನಿಗೆ ಗೊತ್ತಾಯಿತು. ಪರೀಕ್ಷೆಯ ಫಲಿತಾಂಶ ಹಚ್ಚಿದ ಹಲಗೆಯ ಮುಂದೆ ನಿಂತಾಗಿನದು.

“ಹೇಳು.”

“ಅತ್ತಿ ಕಣ್ಣು ಬಿಟ್ಟಾರ್ರಿ. ಮಾತು ಬಂದೈತಿ. ಮಾವೀರ ಎಲ್ಲಿ, ಮಾವೀರ ಎಲ್ಲಿ ಅನ್ನಾಕತ್ತಾರ.”

ಅವನ ಕಣ್ಣು ಮತ್ತೆ ಗಡಿಯಾರಕ್ಕೆ ಹೋಯಿತು.

“ಕೇಳಸ್ತಾ?”

“ಹೂಂ.”

“ಯಾಕ್ರಿ, ಸಪ್ಪಗಾದ್ರಿ?”

ಟ್ರಾಲಿಯೊಂದರಿಂದ ಒಂದು ಜಲ್ಲೆ ಕಬ್ಬು ಜಾರಿ ರಸ್ತೆಗೆ ಬಿತ್ತು. ಬಸ್ಸು ಅದರ ಮೇಲೆ ಹಾಯಿತು. “ಇಲ್ಲ,” ಎಂದ. “ಬಂದೆ.”

ಮನೆಯ ಅಂಗಳದಲ್ಲಿ ಚಪ್ಪಲಿಗಳ ರಾಶಿ. ಒಳಗೆ ಹೆಂಗಸರು ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದರು; ಏರಿಳಿತವಿಲ್ಲದ, ಹೊಳೆಯ ನೀರು ಕಲ್ಲು ಸವರಿ ಹೋದಂಥ ದನಿ. ಅವನು ಡೈರಿ ತೊಡೆಯ ಮೇಲಿಟ್ಟುಕೊಂಡು ತಲೆಯ ಹತ್ತಿರ ಕೂತ. ಹನ್ನೆರಡರ ಪುಟ ತೆರೆದ. ಪೆನ್ನು ಜೇಬಿನಲ್ಲಿತ್ತು. ತಾರೀಖು ಮುಗಿಯಲು ಇನ್ನೂ ಎಂಟು ತಾಸು.

ಲಕ್ಷ್ಮಿಬಾಯಿ ಮಗನನ್ನು ನೋಡಿದಳು. ಆಮೇಲೆ ಹೆಂಗಸರ ಕಡೆ ನೋಡಿ ಬೆರಳಾಡಿಸಿದಳು. ಸ್ನೇಹಲಳಿಗೆ ತಿಳಿಯಿತು. “ಒಂದೀಟು ಹೊರಗ ಕೂಡೂಣ ಬರ್ರಿ,” ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದಳು. ಜಪ ಕಟ್ಟೆಗೆ ಸಾಗಿ, ಅಲ್ಲಿ ಮುಂದುವರಿಯಿತು.

“ಮಾವೀರ.”

“ಅವ್ವಾ.”

“ಎಲ್ಲಾರ ಕಡೆ ಕ್ಷಮಾ ಕೇಳೇನಿ. ನಿನ್ನ ಕಡೆ ಉಳದೈತಿ.”

“ನನ್ನ ಕಡೆ ಏನೈತಿ ಬೇ.”

ಆಕೆಗೆ ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಒಂದೊಂದೇ ಮಾತು, ದೂರದ ಬಾವಿಯಿಂದ ಸೇದಿ ತಂದಂತೆ ಬಂತು.

“ನೀ ಅವತ್ತು ಹುಟ್ಟಿಲ್ಲ.”

ಅವನಿಗೆ ಅರ್ಥವಾಗಲಿಲ್ಲ.

“ಮಹಾರಾಜ್ರು ಹೋದ ದಿವಸ ಅಲ್ಲ. ನಾಕು ದಿವಸ ಮೊದಲ ಹುಟ್ಟಿದ್ದಿ. ನಿಮ್ಮ ಮಾಮಾ ಪೇಢೆ ತಗೊಂಡು ಐಗಳಿಗಿ ಬಂದ. ಊರಾಗ ಯಾರೂ ಇರ್ಲಿಲ್ಲ. ಎಲ್ಲಾ ಮಹಾರಾಜ್ರ ದರ್ಶನಕ್ಕ ಹೋಗಿತ್ತು. ನಿಮ್ಮಪ್ಪನೂ. ಮನಿ ಕೀಲಿ ಹಾಕಿತ್ತು. ಪೇಢೆ ಹಂಗ ವಾಪಸ್ ಬಂದ್ವು.”

ಕಟ್ಟೆಯ ಮೇಲೆ ಜಪ ನಡೆದಿತ್ತು.

“ಎರಡು ಕೂಸು ಹೋಗಿ ನೀ ಬಂದಾಂವ. ಒಬ್ರೂ ನೋಡಾಕ ಬರಲಿಲ್ಲ. ನಾಕು ದಿವಸ ಗ್ವಾಡಿ ನೋಡ್ಕೋತ ಮಲಗಿದ್ದೆ. ಮಹಾರಾಜ್ರು ಹೋದ್ರು ಅಂತ ಸುದ್ದಿ ಬಂತು. ಅಣ್ಣಗ ಅಂದೆ, ಇವತ್ತ ಹುಟ್ಟೇತಿ ಅಂತ ಹೇಳು. ಹಂಗರ ಮಂದಿ ಬರ್ತಾರ.” ಆಕೆ ಕಣ್ಣು ಮುಚ್ಚಿದಳು. “ಬಂದ್ರು. ಕಾಲ ಮುಟ್ಟಿದ್ರು.”

“ಅಪ್ಪಗ ಗೊತ್ತಿತ್ತಾ?”

“ಗೊತ್ತಿತ್ತು. ನಕ್ಕಿದ್ದ.”

ಮಹಾವೀರ ತೊಡೆಯ ಮೇಲಿನ ಪುಟ ನೋಡಿದ. ಮಹಾವೀರ, ಭುಜಬಲಿ, ಲಕ್ಷ್ಮಿಬಾಯಿ. ಇಪ್ಪತ್ತೆರಡು ವರ್ಷದ ಶಾಯಿ. ಎಲ್ಲ ಹೆಸರೂ ಅಲ್ಲೇ ಇದ್ದವು. ಅವುಗಳ ನಡುವೆ ಹಾದಿದ್ದ ದಾರ ಮಾತ್ರ ಇರಲಿಲ್ಲ. ಅವು ಈಗ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಜನ.

ಬೆರಳು ತಾನಾಗಿ ಪುಟ ಹಿಂದಕ್ಕೆ ತಿರುವಿತು. ಹನ್ನೊಂದು. ಹತ್ತು. ಒಂಬತ್ತು.

ಎಂಟು.

ಬಿಳಿ. ಬೆಳಗಿನ ಮಂಜಿನಷ್ಟೇ ಬಿಳಿ. ಬೇವಿನ ಮರ ಇಲ್ಲ, ಕಬ್ಬು ಇಲ್ಲ. ಇದೂ ಒಂದು ತಾಳೆಯಲ್ಲವೇ ಎಂದು ಅವನೊಳಗಿನ ಆ ತಣ್ಣನೆಯದು ತಲೆಯೆತ್ತಿ ಕೇಳಿತು. ಅದನ್ನು ಸುಮ್ಮನಿರಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಕಣ್ಣು ಮುಚ್ಚಿಯೇ ಲಕ್ಷ್ಮಿಬಾಯಿ ದಿಂಬಿನ ಕೆಳಗೆ ಕೈ ಹಾಕಿದಳು. ಸ್ತೋತ್ರದ ಪುಸ್ತಕದೊಳಗಿಂದ ನಾಲ್ಕು ಮಡಿಕೆಯ ಒಂದು ಚೀಟಿ ಬಂತು. ಮಿರಜದ ಯಾವುದೋ ದವಾಖಾನೆಯದು. ಮಡಿಕೆಯಲ್ಲೆಲ್ಲ ಹರಿದು, ಹಳದಿಯಾಗಿತ್ತು. ಮರಾಠಿಯಲ್ಲಿ ತಾರೀಖು, ನವೆಂಬರ್ ಎಂಟು; ತೂಕ. ಮಗು: ಗಂಡು. ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ.

ಆಕೆಯ ಕೈ ತಡವರಿಸುತ್ತಾ ಬಂದು, ತೆರೆದ ಪುಟ ಸಿಕ್ಕಿದ ಕೂಡಲೇ ಚೀಟಿಯನ್ನು ಅದರ ಮೇಲಿಟ್ಟಿತು.

“ತಗೋ. ಇದು ನಿಂದು,” ಎಂದಳು. “ನನ್ನ ಕಡೆ ಉಳದಿತ್ತು.”