ಹಂಪಕ್ಕನ ಹಳೆ ಡಬ್ಬಿ

ಕುರೆಕುಪ್ಪದ ತಾರಸಿಗಳ ಮೇಲಿದ್ದ ಗಗನ್ ಕಂಪನಿಯ ಡಿಶ್‌ಗಳಲ್ಲಿ ಮುಕ್ಕಾಲು ಪಾಲು ನಾನೇ ಕೂರಿಸಿದ್ದು. ಹನ್ನೆರಡು ವರ್ಷ ಅದೇ ಕೆಲಸ. ಈ ಸಲದ ಶ್ರಾವಣದಲ್ಲಿ ಅದೇ ಕೈಯಿಂದ ಅವನ್ನು ಬಿಚ್ಚಿ ಚುಕ್ಕಿ ಕಂಪನಿಯವನ್ನು ಹಾಕಿದೆ. ನಾಚಿಕೆ ಆಗಲಿಲ್ಲವೇನೋ ಮಾರೇಶ ಎಂದು ಕೇಳಬೇಡಿ. ಆಗ ಆಗಲಿಲ್ಲ.

ಗಗನ್‌ನವರಿಗೂ ಒಂದು ದೊಡ್ಡ ಕನ್ನಡ ಚಾನೆಲ್‌ನವರಿಗೂ ದರದ ವಿಷಯಕ್ಕೆ ಜಗಳ ಹತ್ತಿತು. ಎಲ್ಲೋ ಎಸಿ ರೂಮಿನಲ್ಲಿ ಕೂತವರು ಹಟ ಹಿಡಿದರು, ಕುರೆಕುಪ್ಪದ ಟಿವಿಗಳಿಂದ ಚಾನೆಲ್ ಮಾಯವಾಯಿತು. ಪರದೆಯ ತುಂಬ ನೀಲಿ ಬಣ್ಣ, ನಡುವೆ ಎರಡು ಸಾಲು ಕ್ಷಮಾಪಣೆ. ಧಾರಾವಾಹಿ ತಪ್ಪಿದ ಸಿಟ್ಟಿಗೆ ಜನ ಆ ಎಸಿ ರೂಮಿಗೆ ಫೋನ್ ಮಾಡುತ್ತಾರೆಯೇ? ನನಗೇ ಮಾಡಿದರು. ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದವರು, ಅವರ ಹೆಂಡಂದಿರು, ಅತ್ತೆಯಂದಿರು ಸರದಿಯ ಮೇಲೆ ನನ್ನ ಜನ್ಮ ಜಾಲಾಡಿದರು.

ಮೂರನೇ ದಿನ ಹೊಸಪೇಟೆಯಿಂದ ಮುರುಗೇಶಣ್ಣ ಕರೆಸಿಕೊಂಡ. ಅಕ್ಕಿ ಗಿರಣಿಯ ಮನೆತನದವನು, ಈಗ ಚುಕ್ಕಿ ಕಂಪನಿಯ ಡೀಲರ್.

"ಕುಂದ್ರೋ ಮಾರೇಶ. ಆ ಚಾನೆಲ್ ಈಗ ನಮ್ಮ ಹತ್ರ ಅಷ್ಟ ಐತಿ. ಅವರಿಬ್ರೂ ರಾಜಿ ಆಗೋದ್ರಾಗ ಊರು ಪೂರಾ ನಮ್ದಾಗ್ಬೇಕು. ಜಲ್ದಿ."

"ರಾಜಿ ಆದಮ್ಯಾಲ ಜನ ವಾಪಸ್ ಅಲ್ಲಿಗೇ ಹೊಕ್ಕಾರಲ್ರೀ ಅಣ್ಣಾ?"

"ಹೋಗಾಕ ಡಬ್ಬಿ ಇರಬೇಕಲ್ಲಲೇ!" ಎಂದು ಮುರುಗೇಶಣ್ಣ ನಕ್ಕ.

ಉಪಾಯ ಅದೇ. ಹೊಸ ಡಿಶ್ಶು, ಟಿವಿಗೆ ಹಚ್ಚುವ ಹೊಸ ಸೆಟ್‌ಟಾಪ್ ಡಬ್ಬಿ ಪುಕ್ಕಟೆ. ಆದರೆ ಗಗನ್‌ನ ಹಳೆ ಡಬ್ಬಿಯನ್ನು ಗಿರಾಕಿಯ ಮನೆಯಲ್ಲೇ ಸುತ್ತಿಗೆಯಿಂದ ಒಡೆದು, ವಿಡಿಯೊ ಮಾಡಿ, ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಒಡೆದ ಚೂರುಗಳನ್ನು ಚೀಲಕ್ಕೆ ತುಂಬಿ ಗೋದಾಮಿಗೆ ಮುಟ್ಟಿಸಬೇಕು. ವಿಡಿಯೊ ಇಲ್ಲದ ಮನೆ ಲೆಕ್ಕಕ್ಕಿಲ್ಲ. ವಾರದೊಳಗೆ ನನ್ನ ಕೈ ಪಳಗಿತು. ಗ್ರೂಪಿನಲ್ಲಿ ಹೆಬ್ಬೆರಳುಗಳ ಸುರಿಮಳೆ. ಹನ್ನೆರಡು ವರ್ಷದಲ್ಲಿ ಗಗನ್‌ನವರು ಒಮ್ಮೆಯೂ ನನಗೆ ಶಭಾಶ್ ಅಂದಿರಲಿಲ್ಲ, ಅದಕ್ಕೇ ಇರಬೇಕು, ತಲೆ ತಿರುಗಿತ್ತು.

ಹಂಪಕ್ಕ ಫೋನ್ ಮಾಡಿದ್ದು ಆ ದಿನಗಳಲ್ಲಿ. ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಹೆಂಗಸು, ಒಂಟಿ. ಅವಳ ಒಬ್ಬಳೇ ಮಗಳು ಸುಧಾರಾಣಿ, ಅದೇ ಚಾನೆಲ್‌ನವರು ಹೊಸಪೇಟೆಗೆ ಬಂದು ನಡೆಸಿದ ಹೆಣ್ಣುಮಕ್ಕಳ ಆಟದಲ್ಲಿ ಗೆದ್ದಿದ್ದಳು. ಕಣ್ಣು ಕಟ್ಟಿಕೊಂಡು ಒಬ್ಬರಿಗೊಬ್ಬರು ಬಾಳೆಹಣ್ಣು ತಿನ್ನಿಸುವ ಆಟ. ಮೂಗಿಗೆಲ್ಲ ಹಣ್ಣು ಮೆತ್ತಿಕೊಂಡು, ಸೀರೆ ಬಹುಮಾನ ಹಿಡಿದುಕೊಂಡು ಹುಡುಗಿ ಬಿದ್ದು ಬಿದ್ದು ನಕ್ಕಿತ್ತು. ಅದು ಟಿವಿಯಲ್ಲಿ ಬಂದ ದಿನ ಅವಳೇ ನನ್ನನ್ನು ಕರೆಸಿ, ಡಬ್ಬಿಯ ಹಿಂದೆ ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡ್ ಮಾಡಿಸಿಕೊಂಡಳು. ಮರುವರ್ಷ ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಲಾರಿ ಅವಳ ಸ್ಕೂಟಿಯ ಮೇಲೆ ಹಾಯಿತು. ಅವಳ ಫೋನೂ ಅಲ್ಲೇ ಪುಡಿಯಾಯಿತು.

ಮಗಳ ದನಿ, ಮಗಳ ನಗು ಉಳಿದದ್ದು ಆ ರೆಕಾರ್ಡಿಂಗಿನಲ್ಲಿ ಮಾತ್ರ. ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದೆ. ಹೊಸಪೇಟೆಯ ಕಂತನ್ನು ಚಾನೆಲ್‌ನವರು ಎಲ್ಲೂ ಹಾಕಿರಲಿಲ್ಲ. "ನಿನ್ನ ಫೋನಿನಾಗರ ಒಮ್ಮೆ ಹಿಡಕಂಡು ಇಟ್ಗಾಪಾ" ಎಂದು ಹಂಪಕ್ಕ ಸಿಕ್ಕಾಗಲೆಲ್ಲ ಹೇಳುವಳು. ನಾಳೆ ಬರ್ತೀನಿ ಬೇ ಎನ್ನುತ್ತಿದ್ದೆ.

ಮಾನೌಮಿ ಅಮವಾಸ್ಯೆಗೆ ಊರವರೆಲ್ಲ ತೀರಿಕೊಂಡವರ ಫೋಟೊ ಮುಂದೆ ಎಡೆ ಇಡುತ್ತಾರೆ. ಹಂಪಕ್ಕ ಟಿವಿಯ ಮುಂದೆ ಇಡುತ್ತಾಳೆ. ಸುಧಾಗೆ ಪ್ರಾಣವಾಗಿದ್ದ ಮಂಡಕ್ಕಿ ಒಗ್ಗರಣೆ, ಮಿರ್ಚಿ. ರೆಕಾರ್ಡಿಂಗ್ ಹಾಕಿ, ಮಗಳು ನಗುವವರೆಗೂ ಕೈಕಟ್ಟಿ ಕೂತು, ನಕ್ಕ ಮೇಲೆ ತಾನು ಉಣ್ಣುವಳು. ಮಿಕ್ಕ ದಿನ ಅದನ್ನು ಮುಟ್ಟುತ್ತಿರಲಿಲ್ಲ. ಹೆಚ್ಚು ಸಲ ನೋಡಿದರೆ ಸವೆದುಹೋಗುತ್ತದೆ ಎಂದು ಅವಳಿಗೆ ಹೆದರಿಕೆ.

"ಮಾರೇಶಾ, ಆ ಚಾನೆಲ್ ಹೋತಂತ. ನಮ್ಮ ಸುಧಾನೂ ಹೋದ್ಲೇನೋ?" ಎಂದಳು ಫೋನಿನಲ್ಲಿ.

ಇಲ್ಲ ಎನ್ನಬೇಕಿತ್ತು. ಚಾನೆಲ್ ಹಾಳಾಗಿ ಹೋಗಲಿ, ಡಬ್ಬಿ ಇರುವ ತನಕ ಮಗಳು ಇರುತ್ತಾಳೆ ಎನ್ನಬೇಕಿತ್ತು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಅವತ್ತಿನ ಗುರಿಗೆ ನನಗೆ ಒಂದು ಮನೆ ಕಡಿಮೆ ಬಿದ್ದಿತ್ತು.

"ಚುಕ್ಕಿ ಹಾಕಿಸಿಬಿಡು ಬೇ," ಎಂದೆ. "ಚಾನೆಲ್ಲೂ ಇರತೈತಿ, ಸುಧಾನೂ ಇರತಾಳ."

ಸಂಜೆಯೊಳಗೆ ಹೊಸ ಡಿಶ್ ಕೂರಿಸಿದೆ. ಹಳೆ ಡಬ್ಬಿಯಿಂದ ಪೆನ್‌ಡ್ರೈವ್ ಕಿತ್ತು ಹಂಪಕ್ಕನ ಅಂಗೈಯಲ್ಲಿಟ್ಟೆ. ಅವಳು ಅದನ್ನು ಎಲೆಅಡಿಕೆ ಚೀಲದೊಳಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ಡಬ್ಬಿಯನ್ನು ಅವಳ ಹೊಸ್ತಿಲಿನ ಹೊರಗಿಟ್ಟು ಒಡೆದೆ, ವಿಡಿಯೊ ಮಾಡಿದೆ, ಕಳಿಸಿದೆ.

ಅಮವಾಸ್ಯೆಗೆ ಇನ್ನೂ ವಾರವಿರುವಾಗ ದೊಡ್ಡವರಿಬ್ಬರೂ ರಾಜಿಯಾದರು. ಗಗನ್‌ನಲ್ಲಿ ಚಾನೆಲ್ ಮತ್ತೆ ಬಂತು. ಏನೂ ಆಗಿಯೇ ಇಲ್ಲವೇನೋ ಎಂಬಂತೆ ಅದೇ ಧಾರಾವಾಹಿ, ಅದೇ ಅತ್ತೆಸೊಸೆ ಜಗಳ.

ಅಮವಾಸ್ಯೆಯ ದಿನ ಬೆಳಿಗ್ಗೆ ಹಂಪಕ್ಕನ ಮನೆಗೆ ಹೋದೆ. ಎಡೆ ತಯಾರಾಗಿತ್ತು, ದೀಪ ಹಚ್ಚಿದ್ದಳು. ಹೊಸ ಡಬ್ಬಿಗೆ ಪೆನ್‌ಡ್ರೈವ್ ಸಿಕ್ಕಿಸಿದೆ. ಸುಧಾ ಬರಲಿಲ್ಲ. ಇದರಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಬಳಸಬೇಕೇ ಎಂದು ಪರದೆ ಕೇಳಿತು. ಬೇಡ ಎಂದು ಒತ್ತಿ ಪೆನ್‌ಡ್ರೈವ್ ಕಿತ್ತುಕೊಂಡೆ.

ಒಂದು ಡಬ್ಬಿಯಲ್ಲಿ ಹಿಡಿದದ್ದು ಆ ಡಬ್ಬಿಯಲ್ಲಿ ಮಾತ್ರ ತೆರೆಯುತ್ತದೆ, ಬೇರೆ ಯಾವುದರಲ್ಲೂ ಇಲ್ಲ. ಗಗನ್‌ನವರು ಹೊಸಪೇಟೆಯ ಲಾಡ್ಜಿನಲ್ಲಿ ಟ್ರೇನಿಂಗ್ ಕೊಟ್ಟ ದಿನವೇ ಇದನ್ನು ಹೇಳಿದ್ದರು. ಆ ಮಾತು ಮರೆತಿದ್ದೆನೋ, ಸುತ್ತಿಗೆ ಎತ್ತುವಾಗ ನೆನಪಾಗದ ಹಾಗೆ ನೋಡಿಕೊಂಡೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ತಡಿ ಬೇ, ಬಂದೆ" ಎಂದು ಬೈಕ್ ಹತ್ತಿದೆ. ಗಗನ್ ಆಫೀಸಿನಲ್ಲಿ ಶೈಲಜಾ ಮೇಡಂ ಪೆನ್‌ಡ್ರೈವನ್ನು ನಾಲ್ಕು ಡಬ್ಬಿಗಳಿಗೆ ಹಾಕಿ ನೋಡಿದರು. "ಆ ಹಳೇ ಡಬ್ಬಿನ ತಗೊಂಡು ಬರ್ರಿ, ಕೆಟ್ಟಿದ್ರೂ ನಡಿತೈತಿ, ಏನಾರ ಮಾಡಿಸೋಣ" ಎಂದರು. ಮುರುಗೇಶಣ್ಣನ ಗೋದಾಮಿಗೆ ಓಡಿದೆ. ಚೀಲಗಳೆಲ್ಲ ಹೋದ ತಿಂಗಳೇ ಗುಜರಿ ಲಾರಿ ಹತ್ತಿದ್ದವು.

"ಒಂದ್ ಡಬ್ಬಿಗೆ ಇಷ್ಟ್ಯಾಕೋ? ಆಕಿಗೆ ದೊಡ್ಡ ಪ್ಯಾಕ್ ಪುಕ್ಕಟೆ ಹಾಕೋಣ ಬಿಡು" ಎಂದ ಮುರುಗೇಶಣ್ಣ. ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಆದರೆ ಸುತ್ತಿಗೆ ಹಿಡಿದಿದ್ದವನು ಅವನಲ್ಲ.

ನಾನು ವಾಪಸಾದಾಗ ಹೊತ್ತು ಇಳಿದಿತ್ತು. ಒಗ್ಗರಣೆ ಒಣಗಿ ಬಿರುಸಾಗಿತ್ತು. ಹಂಪಕ್ಕ ಟಿವಿಯ ಮುಂದೆ ಹಾಗೇ ಕೂತಿದ್ದಳು, ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ.

"ಸಿಕ್ಕಳೇನೋ?"

"ಇಲ್ಲ ಬೇ. ಆ ಡಬ್ಬಿ ಇಲ್ದ ಬರಂಗಿಲ್ಲಂತ. ನಾನ ಒಡದೆ." ಇನ್ನೊಂದು ಮಾತು ಉಳಿದಿತ್ತು, ಅದನ್ನೂ ಹೇಳಿದೆ. "ಚಾನೆಲ್ ಹೋದ್ರೂ ಸುಧಾ ಇರತಿದ್ಲು. ನನಗದು ಗೊತ್ತಿತ್ತು."

ಹಂಪಕ್ಕ ಬೈಯಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ನಾನು ಬದುಕುತ್ತಿದ್ದೆ. "ನಿನ್ನ ಫೋನಿನಾಗ ಏನಾರ ಐತೇನಪಾ?" ಎಂದಳು.

ಇತ್ತು. ಹನ್ನೊಂದು ಸೆಕೆಂಡಿನ ಆ ವಿಡಿಯೊ. ಅವಳು ಕೈ ಚಾಚಿದಳು, ಕೊಟ್ಟೆ. ಸುತ್ತಿಗೆ ಏಳುವ ಮುಂಚೆ ಅದರಲ್ಲಿ ಅವಳದೇ ದನಿ ಕೇಳುತ್ತದೆ: "ಲೇ, ಸುಧಾಗ ಏನೂ ಆಗಂಗಿಲ್ಲಲಾ?" ಹಿಂದೆಯೇ ನನ್ನದು: "ಏನೂ ಆಗಂಗಿಲ್ಲ ಬೇ, ಎಲ್ಲಾ ಪೆನ್ನಿನಾಗ ಐತಿ." ಆಮೇಲೆ ಏಟು, ಚೂರು, ಕೊನೆಗೊಂದು ನಗು. ಆ ನಗು ನನ್ನದು.

"ಇವನ್ನ ಕೇಳಿದ್ದೆ ನೋಡು ನಾನು," ಎಂದಳು ಹಂಪಕ್ಕ, ಟಿವಿಯ ಕಡೆ ತಿರುಗಿ, ಮಗಳಿಗೆ. "ನಾನು ಕೇಳಿದ್ದೆನವ್ವಾ."

ಫೋನನ್ನು ನನ್ನ ಕೈಗಿಟ್ಟು ದೀಪಕ್ಕೆ ಎಣ್ಣೆ ಹಾಕಿದಳು. ಆ ದಿನ ಅವಳು ಉಣ್ಣಲಿಲ್ಲ.