ಮೊದಲು ಎದ್ದ ಕೈ

ಏಳನೆಯ ತರಗತಿಯನ್ನು ಅಂಕಗಳಿಗನುಸಾರ ಎರಡಾಗಿ ವಿಭಾಗಿಸುವ ಪ್ರಸ್ತಾಪವನ್ನು ವಿರೋಧಿಸಿದವಳು ಗಣಿತದ ಅಧ್ಯಾಪಕಿ ಒಬ್ಬಳೇ. ಮುಖ್ಯೋಪಾಧ್ಯಾಯರು ಆಕೆಯ ಅಕ್ಕನ ಗಂಡ. ಹೀಗಾಗಿ ಸಭೆಯಲ್ಲಿ ಮೊದಲಾದ ವಾದ ಊಟದ ಮೇಜಿನವರೆಗೂ ಬೆಳೆಯಿತು.

"ಐದು ಬೆರಳೂ ಒಂದೇ ಸಮ ಇರುತ್ತಾ?" ಎಂದರು ಭಾವ.

"ಇರಲ್ಲ. ಹಾಗಂತ ಕತ್ತರಿಸಿ ಎರಡು ಡಬ್ಬಿಗೆ ಹಾಕ್ತೀವಾ, ಭಾವ? ತುತ್ತು ಎತ್ತೋಕೆ ಐದೂ ಬೇಕು."

ಅಕ್ಕ ಇಬ್ಬರ ತಟ್ಟೆಗೂ ಮತ್ತಷ್ಟು ಬಡಿಸಿ ಬಾಯಿಗೆ ಬೇರೆ ಕೆಲಸ ಕೊಟ್ಟಳು. ವಾದದಲ್ಲಿ ನಾದಿನಿ ಗೆದ್ದಳು, ಆಡಳಿತದಲ್ಲಿ ಭಾವ. ಹಿಂದುಳಿದವರ ಕೋಣೆ ಆಕೆಯ ಪಾಲಿಗೇ ಬಂದಿತು.

ಆ ಕೋಣೆಯಲ್ಲಿ ಬಸ್ ಚಾಲಕನ ಮಗಳೊಬ್ಬಳಿದ್ದಳು. ನಡೆದರೂ ಸದ್ದಾಗದ ಅವಳಿಗೆ ಗೆಳತಿಯರು ಇಟ್ಟಿದ್ದ ಹೆಸರು ಇರುವೆ. ತರಗತಿ ಒಂದಾಗಿದ್ದಾಗ ಅವಳ ದನಿಯನ್ನು ಕೇಳಿದವರೇ ಇರಲಿಲ್ಲ. ಇಲ್ಲಿಗೆ ಬಂದ ಕೆಲವೇ ವಾರಗಳಲ್ಲಿ, ಭಿನ್ನರಾಶಿಯ ಪಾಠದ ನಡುವೆ ಎದ್ದು ನಿಂತು, ಛೇದಗಳನ್ನು ಕೂಡಬಾರದೇಕೆಂದು ಕೇಳಿದಳು. ಮರುದಿನ ಹಲಗೆಯ ಮೇಲೆ ತಾನೇ ಚಿತ್ರ ಬರೆದು ಅದಕ್ಕೆ ಉತ್ತರವನ್ನೂ ಹೇಳಿದಳು. ಮುಂದಿನ ಪರೀಕ್ಷೆಯಲ್ಲಿ, ಹೆಚ್ಚು ಅಂಕದವರಿದ್ದ ಮೇಲಿನ ಕೋಣೆಯ ಬಹುಮಂದಿಯನ್ನು ಹಿಂದಿಕ್ಕಿದಳು.

ಭಾವನವರ ಹಿಗ್ಗಿಗೆ ಎಣೆಯಿರಲಿಲ್ಲ. ತಾವಿಟ್ಟ ಏಣಿ ಸಾರ್ಥಕವಾಯಿತೆಂದೂ, ಸೋಮವಾರದಿಂದ ಹುಡುಗಿ ಮೇಲಿನ ಕೋಣೆಗೆ ಹೋಗಲೆಂದೂ ಆಜ್ಞೆಯಿತ್ತರು. ಹುಡುಗಿಯ ತಂದೆ ಡಿಪೋದಲ್ಲೆಲ್ಲ ಸುದ್ದಿ ಹಂಚಿದ್ದಾಯಿತು. ನಾದಿನಿಗೆ ಮಾತ್ರ ಇದು ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ: ತಾನು ವಿರೋಧಿಸಿದ ವಿಭಜನೆಯೇ ಈ ಮಗುವಿಗೆ ನಾಲಿಗೆ ಕೊಟ್ಟಿತಲ್ಲ!

ಅಂದು ಮಧ್ಯಾಹ್ನ ಹುಡುಗಿಯೇ ಬಂದು ಬಾಗಿಲ ಬಳಿ ನಿಂತಳು.

"ಮೇಡಂ, ನಾನು ಹೋಗಲ್ಲ. ಅಲ್ಲಿ ಹೋದ್ರೆ ಮತ್ತೆ ನಂಗೆ ಮಾತೇ ಬರಲ್ಲ."

"ಯಾಕಮ್ಮ?"

"ನಾನು ಯೋಚನೆ ಮಾಡೋ ಮೊದಲೇ ಯಾರೋ ಉತ್ತರ ಹೇಳ್ಬಿಡ್ತಾರೆ. ಉತ್ತರ ಬಂದ್ಮೇಲೆ ಇನ್ನೇನ್ ಯೋಚನೆ ಮಾಡೋದು?"

ಅಧ್ಯಾಪಕಿಗೆ ಗಂಟು ಬಿಚ್ಚಿದಂತಾಯಿತು. ತುಂಬಿದ ತರಗತಿಯಲ್ಲಿ ಮೊದಲು ಎದ್ದ ಕೈಯಿಂದ ಉತ್ತರ ಪಡೆದು ಪಾಠವನ್ನು ಮುಂದಕ್ಕೊಯ್ಯುವುದು ಅಲ್ಲಿನ ಎಲ್ಲ ಅಧ್ಯಾಪಕರ ವಾಡಿಕೆ. ಹುಡುಗಿಗೆ ನಾಲಿಗೆ ಕೊಟ್ಟದ್ದು ಎರಡು ಕೋಣೆಗಳ ನಡುವಿನ ಗೋಡೆಯಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ದೊರೆತ ಅವಕಾಶ. ಅದಕ್ಕೆ ಗೋಡೆ ಬೇಕಿಲ್ಲ.

ಆಕೆ ನೇರವಾಗಿ ಭಾವನವರ ಕೋಣೆಗೆ ನಡೆದು, ಒಂದು ವಾರ ಗಣಿತದ ವೇಳೆಗೆ ಎರಡೂ ಕೋಣೆಯ ಮಕ್ಕಳನ್ನು ಒಟ್ಟಿಗೆ ತನಗೊಪ್ಪಿಸುವಂತೆ ಕೇಳಿದಳು.

"ಇರುವೆ ಬಾಯಿ ಬಿಡದೆ ಹೋದ್ರೆ ನಿಮ್ಮ ಗೋಡೆಯನ್ನ ನಾನೇ ಹಾಡಿ ಹೊಗಳ್ತೀನಿ."

"ನಿನ್ನ ಹಾಡು ಕೇಳೋ ಶಿಕ್ಷೆ ನಂಗ್ಯಾಕೆ?" ಎಂದರೂ ಭಾವ ಒಪ್ಪಿದರು, ಹಿಂದಿನ ಬೆಂಚಿನಲ್ಲಿ ತಾವೂ ಕುಳಿತರು.

ತಾನು ಹೇಳುವವರೆಗೆ ಯಾರೂ ಕೈ ಎತ್ತಕೂಡದೆಂಬುದು ಅಧ್ಯಾಪಕಿಯ ನಿಯಮ. ಚುರುಕಿನವರು ಮುಳ್ಳಿನ ಮೇಲೆ ಕುಳಿತಂತೆ ಚಡಪಡಿಸಿದರು. ಮೊದಲ ದಿನ ಇರುವೆ ತುಟಿ ಬಿಚ್ಚಲಿಲ್ಲ. ಭಾವ ಮೀಸೆಯಲ್ಲೇ ನಕ್ಕರು. ಅಧ್ಯಾಪಕಿ ವಿಚಲಿತಳಾಗಲಿಲ್ಲ.

ಮರುದಿನ, ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎಷ್ಟೆಂಬುದು ಪ್ರಶ್ನೆ. ಕೈ ಎತ್ತಲು ಅಧ್ಯಾಪಕಿ ಇನ್ನೂ ಹೇಳಿರಲಿಲ್ಲ. ಉತ್ತರ ಭಾವನವರ ನಾಲಿಗೆಯ ತುದಿಗೇ ಬಂದಿತ್ತು. ನಾದಿನಿ ದುರುಗುಟ್ಟಿದಳು, ಅವರು ನುಂಗಿಕೊಂಡರು. ಬಳಿಕ ಆಕೆಯ ಅಪ್ಪಣೆಯಾದಾಗ, ಜಾಣನೆಂದು ಹೆಸರಾದ ಹುಡುಗ ಎದ್ದು, ಎರಡು ಎಂದ.

"ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕು. ಜಾಸ್ತಿ ಹೇಗಾಯ್ತು?"

ತಿರುಗಿ ನೋಡಿದರೆ ಇರುವೆ ಎದ್ದು ನಿಂತಿದ್ದಳು.

"ತಿರುಗಿಸಿ ಗುಣಿಸಿದ್ರೆ ಹಾಗೇ ಬರುತ್ತೆ," ಎಂದ ಜಾಣ.

"ಹಾಗೇ ಬರೋದಾದ್ರೆ ನಂಗೂ ಬರ್ತಿತ್ತಲ್ಲ."

ತರಗತಿ ನಕ್ಕಿತು, ಜಾಣನೂ ನಕ್ಕ. ನಕ್ಕವನು ತಲೆ ಕೆರೆದುಕೊಂಡ, ಹಾಳೆಯೊಂದನ್ನು ಹರಿದು ಮಡಿಸಿದ, ಅರ್ಧದೊಳಗೆ ಕಾಲುಗಳೆಷ್ಟಿವೆಯೆಂದು ಇರುವೆಯೊಡನೆ ಎಣಿಸತೊಡಗಿದ. ಗಂಟೆ ಹೊಡೆದರೂ ಅವರಿಬ್ಬರ ಸುತ್ತ ನೆರೆದವರು ಕದಲಲಿಲ್ಲ.

ವಾರ ತುಂಬಿದ ಸಂಜೆ ಭಾವ ಜವಾನನನ್ನು ಕರೆದು, ಎರಡನೆಯ ಕೋಣೆಯ ಬೆಂಚುಗಳನ್ನು ಮೊದಲನೆಯದಕ್ಕೆ ಸಾಗಿಸಲು ಹೇಳಿದರು. ಗಣಿತಕ್ಕೆ ಮಾತ್ರ, ಎಂದು ಒತ್ತಿ ನುಡಿದರು.

"ಮಿಕ್ಕ ಪಾಠಕ್ಕೆ ದಿನಾ ಹೊತ್ಕೊಂಡು ವಾಪಸ್ ಹಾಕ್ಬೇಕಾ ಸಾರ್?"

ಭಾವ ನಾದಿನಿಯತ್ತ ನೋಡಿದರು. ಆಕೆ ಕಿಟಕಿಯತ್ತ ನೋಡುತ್ತಿದ್ದಳು.

"ಬೇಡ," ಎಂದರು ಅವರು. "ಅಲ್ಲೇ ಇರಲಿ."