ಏಳನೇ ನಂಬರಿನ ಲೇಥ್

ನಾನು ಒಂದು ಲೇಥ್ ಯಂತ್ರ. ಕಬ್ಬಿಣದ ತುಂಡನ್ನು ಬಿಗಿಯಾಗಿ ಹಿಡಿದು ಗಿರಗಿರನೆ ತಿರುಗಿಸುತ್ತೇನೆ. ಎದುರಿಗಿರುವ ಹರಿತವಾದ ಟೂಲ್ ಅದನ್ನು ಸವರಿ ದುಂಡಗೆ ಮಾಡುತ್ತದೆ. ಕುಂಬಾರನ ತಿಗರಿಯನ್ನು ಅಡ್ಡ ಮಲಗಿಸಿದ್ದಾರೆ ಅಂದುಕೊಳ್ಳಿ. ಅದಕ್ಕಿಂತ ದೊಡ್ಡ ಪರಿಚಯ ನನಗೆ ಬೇಡ.

ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ನನ್ನ ಮೈ ಮಾಡಿದರು. ಹುಟ್ಟಿದ ಕೂಸನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಲೋಕರೂಢಿ. ನನ್ನನ್ನು ಮಾತ್ರ ಎತ್ತಿ ಬಯಲಿಗೆ ಹಾಕಿದರು. ಆರು ತಿಂಗಳು ಬಿಸಿಲು, ಮಳೆ, ಇಬ್ಬನಿ. ಮೈಯೆಲ್ಲ ತುಕ್ಕು ಹಿಡಿದು ಕೆಂಪಗಾಯಿತು. ಇವರು ನನ್ನನ್ನು ಮರೆತೇ ಬಿಟ್ಟರೇನೋ ಎಂದು ಸಂಕಟಪಟ್ಟೆ. ಆಗ ಅಲ್ಲಿನ ಮುದುಕ ಮೇಸ್ತ್ರಿಯೊಬ್ಬ ಹೊಸಬರಿಗೆ ಹೇಳುವುದು ಕೇಳಿಸಿತು: "ಬೆಂಕಿಯಾಗಿಂದ ಬಂದ ಕಬ್ಬಿಣಕ್ಕ ಒಳಗ ಬಿಗುವು ಇರತೈತಿ. ಬಯಲಾಗ ಬಿಟ್ರ ತಾನ ಸಡಲ ಆಗತೈತಿ. ಅವಸರ ಮಾಡಿದ್ರ ಮುಂದ ಸೊಟ್ಟ ಆಗತೈತಿ." ಆಮೇಲೆ ಒಳಗೆ ತಂದು, ಉಜ್ಜಿ, ಹೆರೆದು, ಹಸಿರು ಬಣ್ಣ ಬಳಿದರು.

ಮೊದಲ ಹನ್ನೊಂದು ವರ್ಷ ಹುಬ್ಬಳ್ಳಿಯ ಪಂಪಿನ ಕಾರ್ಖಾನೆಯೊಂದರಲ್ಲಿ ದುಡಿದೆ. ಅಲ್ಲಿ ನನ್ನನ್ನು ಮುಟ್ಟಿದವರು ಪಳಗಿದ ಕೈಯವರು, ಆದರೆ ಒಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ಕಾರ್ಖಾನೆ ಮುಚ್ಚಿದಾಗ ಲಾರಿಯಲ್ಲಿ ಹೇರಿ ಅದೇ ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿಗೆ ತಂದರು. ಹಣೆಗೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದರು.

ಕಾಲೇಜಿನ ಹುಡುಗರ ವಿಷಯ ಕೇಳಬೇಡಿ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಎನ್ನುವ ಹಾಗೆ ಮೊದಲ ವಾರ ಎಲ್ಲರದೂ ಭಾರಿ ಉತ್ಸಾಹ. ಎರಡನೇ ವಾರ ಕೈಗೆ ಎಣ್ಣೆ ತಾಗಿದರೆ ಮುಖ ಸಿಂಡರಿಸುತ್ತಿದ್ದರು. ನನ್ನ ಟೂಲ್ ಎಷ್ಟು ಸಲ ಮುರಿದರೋ ಲೆಕ್ಕವಿಲ್ಲ. ಅವರನ್ನೂ ನನ್ನನ್ನೂ ಕಾಪಾಡಿದವರು ದಾವಲಸಾಬ್ ನದಾಫ್. ಆ ವರ್ಕ್‌ಶಾಪಿನ ಬೋಧಕರು. ಕುಳ್ಳಗಿನ ಆಳು, ಖಾಕಿ ಅಂಗಿ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅವರ ಪಾಠ ಒಂದೇ ಮಾತಿನಿಂದ ಸುರುವಾಗುತ್ತಿತ್ತು: "ಯಂತ್ರ ಪೂರಾ ನಿಲ್ಲೂ ತನಕಾ ಕೈ ಬೆನ್ನ ಹಿಂದ." ನನ್ನ ತಿರುಗುವ ಹಿಡಿಗೆ ಚಕ್ ಎನ್ನುತ್ತಾರೆ. ಗುಂಡಿ ಒತ್ತಿ ನಿಲ್ಲಿಸಿದ ಮೇಲೂ ಅದು ಸ್ವಲ್ಪ ಹೊತ್ತು ತಿರುಗುತ್ತದೆ. ಅಷ್ಟು ಹೊತ್ತೂ ಹುಡುಗರೆಲ್ಲ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರಬೇಕು. ಬೇರೆ ಕಾಲೇಜಿನವರು ನೋಡಿ ನಗುತ್ತಿದ್ದರು. ಮೂವತ್ತು ವರ್ಷ ಆ ವರ್ಕ್‌ಶಾಪಿನಲ್ಲಿ ಒಬ್ಬರ ಉಗುರಿಗೂ ಪೆಟ್ಟಾಗಲಿಲ್ಲ.

ದಸರೆಯಲ್ಲಿ ಖಂಡೇ ಪೂಜೆ, ಎಂದರೆ ಆಯುಧಪೂಜೆ, ಮಾಡುತ್ತಿದ್ದವರೂ ದಾವಲಸಾಬರೇ. ಹಿಂದಿನ ದಿನವೇ ಹುಡುಗರಿಂದ ನಮ್ಮನ್ನೆಲ್ಲ ತೊಳೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ರಜೆ ಮುಗಿದ ಮೇಲೆ ಮಾಲೆ ತೆಗೆಯುವುದು ಅವರು, ಮೊದಲ ಸಲ ಚಾಲೂ ಮಾಡುವುದೂ ಅವರು. ಅಲ್ಲಿಯವರೆಗೆ ಬೇರೆ ಯಾರೂ ಗುಂಡಿ ಮುಟ್ಟುವಂತಿರಲಿಲ್ಲ. ಇದು ಗೋಡೆಯ ಮೇಲೆ ಬರೆದ ನಿಯಮವಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು.

ಕಸ್ತೂರಿ ಕಮ್ಮಾರ ಐದನೇ ಸೆಮಿಸ್ಟರಿನಲ್ಲಿದ್ದಾಗ ನನ್ನ ಬಳಿ ಬಂದಳು. ನವಲಗುಂದದ ಕಡೆಯ ಹುಡುಗಿ, ತಂದೆ ಕುಡುಗೋಲು ಕೊಡಲಿ ಮಾಡುವವರು. ಟೂಲನ್ನು ಹಿಂದೆ ಮುಂದೆ ಸರಿಸುವ ನನ್ನ ಹಿಡಿಕೆಯ ತಿರುಪಿನಲ್ಲಿ ಆ ಹೊತ್ತಿಗಾಗಲೇ ಸವಕಳಿ ಬಂದಿತ್ತು. ಅಳತೆಗೆ ತಿರುಗಿಸಿದರೆ ಕೂದಲೆಳೆಯಷ್ಟು ಹಿಂದೆ ಉಳಿಯುತ್ತಿದ್ದೆ. ಉಳಿದವರು ನನ್ನನ್ನು ಬೈದರು. ಇವಳು ಕಿವಿಗೊಟ್ಟು ಕೇಳಿ, ಒಂದು ಸುತ್ತು ಹಿಂದೆ ಹೋಗಿ ಮುಂದೆ ಬರುವುದನ್ನು ತಾನೇ ಕಂಡುಕೊಂಡಳು. ನನಗೆ ಅವಳನ್ನು ಕಂಡರೆ ಅಕ್ಕರೆ.

ಆ ವರ್ಷ ದಸರೆ ರಜೆ ಮುಗಿದ ದಿನವೇ ಅವಳು ಜಾಬ್, ಎಂದರೆ ನನ್ನ ಮೇಲೆ ಅಳತೆಗೆ ಸವರಿದ ತುಂಡು, ಒಪ್ಪಿಸಬೇಕಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಳು. ದಾವಲಸಾಬರು ಆ ತುದಿಯಲ್ಲಿ ಒಂದನೇ ನಂಬರಿನಿಂದ ಮಾಲೆ ತೆಗೆಯುತ್ತಿದ್ದರು. ಏಳರವರೆಗೆ ಬರಲು ಹೊತ್ತು ಹಿಡಿಯುತ್ತದೆ. ಕಸ್ತೂರಿ ನನ್ನ ಮಾಲೆಯನ್ನು ತೆಗೆಯಲಿಲ್ಲ, ಅದು ಅವರ ಕೆಲಸ. ಮೇಲಕ್ಕೆ ಸರಿಸಿಟ್ಟು ಹಸಿರು ಗುಂಡಿ ಒತ್ತಿದಳು. ನಾನು ನಡುಗುವ ಯಂತ್ರ. ನಡುಗಿದೆ. ಮಾಲೆ ಜಾರಿ ಚಕ್ಕಿಗೆ ಸುತ್ತಿಕೊಂಡಿತು.

ಸದ್ದು ಕೇಳಿ ದಾವಲಸಾಬರು ಓಡಿ ಬಂದರು. ಕೆಂಪು ಗುಂಡಿ ಅವರ ಮೊಣಕೈ ಹತ್ತಿರವೇ ಇತ್ತು. ಆದರೆ ಪೂಜೆಯ ಹೂವು ಉದುರಿ ನೆಲಕ್ಕೆ ಬೀಳುತ್ತಿತ್ತು, ಯಾರದಾದರೂ ಕಾಲಿಗೆ ಸಿಗುತ್ತಿತ್ತು. ಅವರ ಬಲಗೈ ಮಾಲೆಯ ಕಡೆಗೆ ಹೋಯಿತು. ಹಿಂದೆಲ್ಲ ಹೂವನ್ನು ಹತ್ತಿಯ ದಾರದಲ್ಲಿ ಕಟ್ಟುತ್ತಿದ್ದರು, ಎಳೆದರೆ ಹರಿಯುತ್ತಿತ್ತು. ಈಗ ನೈಲಾನ್. ಅದು ಹರಿಯಲಿಲ್ಲ. ತೋರುಬೆರಳು ಮತ್ತು ನಡುಬೆರಳು ಹೋದವು. ನಿಲ್ಲಬೇಕೆಂದು ನಾನು ಎಷ್ಟು ಬಯಸಿದೆ ಎಂದು ಯಾರಿಗೆ ಹೇಳಲಿ? ಯಂತ್ರಕ್ಕೆ ತಾನಾಗಿ ನಿಲ್ಲುವ ಹಕ್ಕಿಲ್ಲ. ಕಸ್ತೂರಿ ಕೆಂಪು ಗುಂಡಿ ಒತ್ತಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಹತ್ತು ದಿನದ ನಂತರ ವಿಭಾಗದ ಮುಖ್ಯಸ್ಥರಾದ ಇನಾಮದಾರ ಸರ್ ನನ್ನ ಎದುರಿಗೇ ವಿಚಾರಣೆ ನಡೆಸಿದರು. ಕೈಗೆ ಬಟ್ಟೆ ಸುತ್ತಿಕೊಂಡ ದಾವಲಸಾಬರು ಸ್ಟೂಲಿನ ಮೇಲೆ ಕೂತಿದ್ದರು. ಬಾಗಿಲ ಹತ್ತಿರ ಕಸ್ತೂರಿ.

"ಹೂವಿನ ಮಾಲಿ ತಗೀದನ ಚಾಲೂ ಮಾಡಿದವರು ಯಾರು?"

"ನಾನರೀ," ಎಂದರು ದಾವಲಸಾಬ್.

ಕಸ್ತೂರಿ ಬಾಯಿ ತೆರೆದಳು. ಅವರು ಅವಳ ಕಡೆ ಒಮ್ಮೆ ನೋಡಿದರು. ಅಪಘಾತಕ್ಕೆ ಕಾರಣವಾದ ವಿದ್ಯಾರ್ಥಿಗೆ ಆ ವರ್ಷ ಪರೀಕ್ಷೆ ಇಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡಳು. ಇನಾಮದಾರರು ರಿಜಿಸ್ಟರಿನಲ್ಲಿ 'ಸಿಬ್ಬಂದಿಯ ಅಜಾಗರೂಕತೆ' ಎಂದು ಬರೆದರು. ಮೂವತ್ತು ವರ್ಷ ಹುಡುಗರ ಕೈ ಕಾಯ್ದವರನ್ನು ಯಂತ್ರದ ಹತ್ತಿರ ಹೋಗಕೂಡದೆಂದು ವರ್ಕ್‌ಶಾಪಿನ ಮೂಲೆಯಲ್ಲಿದ್ದ ಸ್ಟೋರಿಗೆ ಹಾಕಿದರು. ಅಲ್ಲಿ ಕಿಟಕಿಯ ಹಿಂದೆ ಕೂತು ಹುಡುಗರಿಗೆ ಸ್ಪ್ಯಾನರ್ ಎಣಿಸಿ ಕೊಡುವುದು ಅವರ ಕೆಲಸವಾಯಿತು. ನನಗೆ ಕಸ್ತೂರಿಯ ಮೇಲೆ ಸಿಟ್ಟು ಬಂತು. ಅಕ್ಕರೆಯಿದ್ದವರ ಮೇಲೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ.

ಕೊನೆಯ ವರ್ಷ ಪ್ರಾಜೆಕ್ಟ್ ಮಾಡಬೇಕು. ವರ್ಕ್‌ಶಾಪಿನ ಪಕ್ಕದಲ್ಲೇ ಆಟೋಮೇಷನ್ ಲ್ಯಾಬ್ ಬಂದಿತ್ತು. ಗಾಜಿನ ಬಾಗಿಲು, ಕಂಪ್ಯೂಟರ್ ನಡೆಸುವ ಯಂತ್ರಗಳು. ಜಾಣರೆಲ್ಲ ಅಲ್ಲಿಗೆ ಹೋದರು. ಕಸ್ತೂರಿ ವೈರು, ಸೆನ್ಸರು, ಬೆಸುಗೆ ಕಡ್ಡಿ ಹಿಡಿದುಕೊಂಡು ನನ್ನ ಬಳಿ ಬಂದಳು. ಚಕ್ಕಿನಿಂದ ಒಂದು ಗೇಣು ಈಚೆಗೆ ಕಣ್ಣಿಗೆ ಕಾಣದ ಬೆಳಕಿನ ಬೇಲಿ ಹಾಕುವುದು, ಯಾರದೇ ಕೈ ಅದನ್ನು ದಾಟಿದರೆ ನಾನು ತಾನಾಗಿ ನಿಲ್ಲುವುದು, ಇದು ಅವಳ ಪ್ರಾಜೆಕ್ಟ್.

ಮೊದಮೊದಲು ಸೋತಳು. ಕೋಲು ಅಡ್ಡ ಹಿಡಿದರೆ ವಿದ್ಯುತ್ತೇನೋ ಕಡಿಯುತ್ತಿತ್ತು, ನನ್ನ ಚಕ್ ಹಳೆಯ ಓಟದಲ್ಲೇ ಇನ್ನೂ ಎಂಟು ಹತ್ತು ಸುತ್ತು ಹೊಡೆಯುತ್ತಿತ್ತು. ಒಂದು ದಿನ ಅವಳು ಕೋಲು ನೆಲಕ್ಕಿಟ್ಟು ಸುಮ್ಮನೆ ಕೂತಾಗ ಸ್ಟೋರಿನ ಕಿಟಕಿಯಿಂದ ದನಿ ಬಂತು.

"ಕರೆಂಟ್ ಹೋದ್ರ ಸಾಲೂದಿಲ್ಲ ಯವ್ವಾ. ಓಟ ನಿಲ್ಲಬೇಕು. ಬ್ರೇಕ್ ಹಾಕು."

ಅವಳು ತಿರುಗಿ ನೋಡಲಿಲ್ಲ. "ಹೂನ್ರಿ ಸರ್," ಎಂದಳು. ಒಂದು ವರ್ಷದಲ್ಲಿ ಅವರಿಬ್ಬರೂ ಆಡಿದ ಮೊದಲ ಮಾತು ಅದು. ಮೋಟರಿಗೆ ಬ್ರೇಕ್ ಕೂಡಿಸಲು ಅವಳಿಗೆ ಎರಡು ತಿಂಗಳು ಹಿಡಿಯಿತು.

ಮೇ ತಿಂಗಳಲ್ಲಿ ಮೌಖಿಕ ಪರೀಕ್ಷೆ. ಮೈಸೂರು ಕಡೆಯ ವಿಶ್ವವಿದ್ಯಾಲಯದಿಂದ ಒಬ್ಬರು ಹಿರಿಯ ಪ್ರಾಧ್ಯಾಪಕಿ ಪರೀಕ್ಷಕರಾಗಿ ಬಂದಿದ್ದರು. ಇನಾಮದಾರ ಸರ್ ಪಕ್ಕದಲ್ಲಿದ್ದರು. ಕಸ್ತೂರಿ ಲೆಕ್ಕ, ನಕಾಶೆ ಎಲ್ಲ ತೋರಿಸಿದಳು. ಪ್ರಾಧ್ಯಾಪಕಿ ಮೆಚ್ಚಿ ತಲೆಯಾಡಿಸಿದರು.

"ಎಲ್ಲರೂ ಹೊಸ ಮೆಷಿನ್ ಮೇಲೆ ಮಾಡಿದಾರೆ. ನೀವು ಈ ಹಳೇದನ್ನೇ ಯಾಕೆ ಆರಿಸಿಕೊಂಡ್ರಿ?"

ಇದಕ್ಕೆ ಅವಳು ವರದಿಯಲ್ಲಿ ಚೆಂದದ ಉತ್ತರ ಬರೆದಿದ್ದಳು. ರಾತ್ರಿಯೆಲ್ಲ ಬಾಯಿಪಾಠ ಮಾಡಿರಲೂಬಹುದು. ಆದರೆ ಹೇಳಲಿಲ್ಲ. ನನ್ನ ಮೇಲೆ ಕೈಯಿಟ್ಟು ನಿಂತಳು.

"ಒಂದೂವರಿ ವರ್ಷದ ಹಿಂದ ಈ ಮಷಿನ್ ಚಾಲೂ ಮಾಡಿದಾಕಿ ನಾನ್ರಿ. ದಾವಲಸಾಬ್ ಸರ್ ಅಲ್ಲ. ಅವರು ನನ್ನ ಸಲುವಾಗಿ ಸುಳ್ಳು ಹೇಳಿದ್ರು. ನಾ ಸುಮ್ಮನ ಕೇಳಿಕೋತ ನಿಂತಿದ್ದೆ."

ಇನಾಮದಾರರ ಮುಖ ಕಪ್ಪಿಟ್ಟಿತು. "ಇಷ್ಟ ದಿನ ಬಿಟ್ಟು ಈಗ್ಯಾಕ ಹೇಳ್ಲಿಕ್ಕತ್ತೀ? ನಿನ್ನ ರಿಜಲ್ಟ್ ತಡೀಬೇಕಾಗ್ತದ. ತಿಳೀತದ ಇಲ್ಲೋ?"

"ತಿಳೀತೈತ್ರಿ."

ಸ್ಟೋರಿನಿಂದ ದಾವಲಸಾಬರನ್ನು ಕರೆಸಿದರು. ಅವರು ನಿಧಾನಕ್ಕೆ ಬಂದು, ಮಾತು ಕೇಳಿ, ಇನಾಮದಾರರ ಕಡೆ ತಿರುಗಿದರು.

"ಗುಂಡಿ ಒತ್ತಿದಾಕಿ ಆಕಿ, ಖರೇ. ಕೈ ಹಾಕಿದಾಂವ ನಾನು. ಮೂವತ್ತ ವರ್ಷ ಹುಡುಗರಿಗೆ ಕೈ ಬೆನ್ನ ಹಿಂದ ಇಟಗೋರಿ ಅಂತ ಹೇಳಿದಾಂವ, ಹೂವು ಕಾಲಾಗ ಬೀಳತಾವು ಅಂತ ಕೈ ಹಾಕಿದೆ. ಆ ತಪ್ಪು ನನ್ನದರೀ, ಅದನ್ನ ಯಾರಿಗೂ ಕೊಡಾಂಗಿಲ್ಲ. ಆಕಿದು ಆಕಿ ಹೆಸರಿಲೆ ಬರೀರಿ, ನಂದು ನನ್ನ ಹೆಸರಿಲೆ."

ಪ್ರಾಧ್ಯಾಪಕಿ ವರದಿ ಮುಚ್ಚಿಟ್ಟು, "ಅದು ಕಾಲೇಜಿನ ವಿಚಾರ. ನಾನು ನೋಡಬೇಕಾದ್ದು ಯಂತ್ರ. ನಡೆಸಿ ತೋರಿಸಮ್ಮ," ಎಂದರು.

ಕಸ್ತೂರಿ ಕೋಲು ತೆಗೆದುಕೊಂಡಳು. ದಾವಲಸಾಬರು ಅದನ್ನು ಅವಳ ಕೈಯಿಂದ ಇಸಿದುಕೊಂಡು ಮೂಲೆಗೆ ಒರಗಿಸಿದರು. "ಕಟ್ಟಿಗಿ ಹಿಡಿದು ನೋಡಿದ್ರ ಏನ ತಿಳೀತೈತಿ? ಚಾಲೂ ಮಾಡು."

"ಬ್ಯಾಡ್ರಿ ಸರ್."

"ನೀ ಮಾಡಿದ್ದರ ಮ್ಯಾಲ ನಿನಗ ಭರವಸಿ ಐತೋ ಇಲ್ಲೋ?"

ಇನಾಮದಾರರು ಬೇಡವೆಂದು ಕೈ ಎತ್ತಿದರು. ಕಸ್ತೂರಿ ಅವರನ್ನು ನೋಡಲಿಲ್ಲ. ಹಸಿರು ಗುಂಡಿಯ ಮೇಲೆ ಅವಳ ಬೆರಳು ಎಷ್ಟೋ ಹೊತ್ತು ಇತ್ತು. ಕಡೆಗೆ ಒತ್ತಿದಳು. ನಾನು ತಿರುಗತೊಡಗಿದೆ. ಓಟ ಏರಿತು. ಉಳಿದ ಮೂರು ಬೆರಳಿನ ಆ ಬಲಗೈ ನನ್ನ ಕಡೆಗೆ ಬಂತು. ಬೆಳಕಿನ ಬೇಲಿಯನ್ನು ಅದು ಮುಟ್ಟಿದ್ದೇ ತಡ, ನನ್ನೊಳಗೆ ಏನೋ ಗಟ್ಟಿಯಾಗಿ ಹಿಡಿಯಿತು. ನಿಂತೆ. ಕೈ ಇನ್ನೂ ನನ್ನಿಂದ ಅರ್ಧ ಗೇಣು ಆಚೆಗಿತ್ತು.

ಕಸ್ತೂರಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ದಾವಲಸಾಬರು ಅವಳನ್ನು ಸಮಾಧಾನ ಮಾಡಲಿಲ್ಲ. ನನ್ನ ಸುತ್ತ ಬಂದು ಬ್ರೇಕಿನ ಬೋಲ್ಟು ಬಿಗಿಯಾಗಿವೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡಿದರು.

ಅವಳ ಫಲಿತಾಂಶವನ್ನು ನಾಲ್ಕು ತಿಂಗಳು ತಡೆಹಿಡಿದರು. ಜೊತೆಯವರೆಲ್ಲ ಕೆಲಸಕ್ಕೆ ಸೇರಿದರು, ಇವಳು ತಂದೆಯ ಕುಲುಮೆಯಲ್ಲಿ ತಿದಿ ಒತ್ತಿದಳಂತೆ. ರಿಜಿಸ್ಟರಿನಲ್ಲಿ ಇಬ್ಬರ ಹೆಸರನ್ನೂ ಬರೆದು, ಇಬ್ಬರ ತಪ್ಪನ್ನೂ ಬರೆದರು. ದಾವಲಸಾಬರು ನಿವೃತ್ತಿಯ ಮುಂಚಿನ ಕೊನೆಯ ವರ್ಷ ಮತ್ತೆ ನಮ್ಮ ನಡುವೆ ಬಂದು ಪಾಠ ಹೇಳಿದರು.

ಆಮೇಲೆ ಬಂದ ಒಂದು ತಂಡ ಶಕ್ತಿ ಉಳಿತಾಯದ ಪಾಠಕ್ಕೆಂದು ನನಗೆ ಮೀಟರ್ ಕಟ್ಟಿ ಅಳೆಯಿತು. ಬರಿದೇ ತಿರುಗುವಾಗಲೂ ನಾನು ಹೊಸ ಯಂತ್ರದ ಎರಡು ಪಟ್ಟು ವಿದ್ಯುತ್ ನುಂಗುತ್ತೇನಂತೆ. ಅವರ ಲೆಕ್ಕ ಸರಿ, ನಾನು ವಾದ ಮಾಡುವುದಿಲ್ಲ. ಕಸ್ತೂರಿಯ ಬೆಳಕಿನ ಬೇಲಿಯನ್ನು ಬಿಚ್ಚಿ ಹೊಸ ಲೇಥಿಗೆ ಹಾಕಿದರು, ನನ್ನ ಮೋಟರನ್ನು ತೆಗೆದರು. ಈಗ ವರ್ಕ್‌ಶಾಪಿನ ಹಿಂದೆ ತಗಡಿನ ಕೆಳಗೆ ನಿಂತಿದ್ದೇನೆ. ಗುಜರಿಯವನು ಎರಡು ಸಲ ಬಂದು ತೂಕ ಅಂದಾಜು ಮಾಡಿ ಹೋಗಿದ್ದಾನೆ. ಕರಗಿಸುವಾಗ ಅವರಿಗೆ ನನ್ನಲ್ಲಿ ಕಬ್ಬಿಣ ಮಾತ್ರ ಸಿಗುತ್ತದೆ. ಜೀವಮಾನದಲ್ಲಿ ತಿರುಗಿದ್ದು ಎಷ್ಟೋ ಕೋಟಿ ಸುತ್ತು, ಅದರಲ್ಲಿ ಒಂದೂ ನೆನಪಿಲ್ಲ. ಆ ಕೈ ಬಂದಾಗ ನಿಂತದ್ದು ನೆನಪಿದೆ.